ಬಿಕಾಂನಿಂದ ಬಿಬಿಎಗೆ ಹೋಗುವವರು ಮೊದಲು ಸಿಲಬಸ್ ಹಿಡಿದುಕೊಳ್ಳಿ, ಟಿಸಿ ಆಮೇಲೆ

ನೀವು ಕೇಳಿರುವುದು ಇಷ್ಟು. ಮಂಡ್ಯದ ಕಾಲೇಜಿನಲ್ಲಿ ಬಿಕಾಂ ಎರಡು ಸೆಮಿಸ್ಟರ್ ಮುಗಿದಿದೆ, ಎಲ್ಲಾ ಪೇಪರ್ ಪಾಸ್. ಈಗ ಮೈಸೂರಿನಲ್ಲಿ ಬಿಬಿಎ ಓದುವ ಆಸೆ. ಮೂರನೇ ಸೆಮಿಸ್ಟರ್‌ಗೆ ನೇರವಾಗಿ ಸೇರಬಹುದಾ, ಇಲ್ಲ ಮೊದಲಿನಿಂದ ಶುರು ಮಾಡಬೇಕಾ? ಎಬಿಸಿ ಖಾತೆಯಲ್ಲಿ ಕ್ರೆಡಿಟ್ ಇದೆ, ಅದನ್ನು ತೋರಿಸಿದರೆ ಸಾಕಲ್ವಾ?

ಅದೊಂದೇ ಸಾಕಾಗುವುದಿಲ್ಲ. ಆದರೆ ಮೂರನೇ ಸೆಮಿಸ್ಟರ್‌ಗೆ ಸೇರುವುದು ಆಗದ ಮಾತೇನಲ್ಲ. ನಾನು ಇದೇ ದಾರಿಯಲ್ಲಿ ಬಂದವಳು. ಮಂಡ್ಯದಲ್ಲಿ ಬಿಕಾಂ ಒಂದು ವರ್ಷ, ಆಮೇಲೆ ಮೈಸೂರಿನಲ್ಲಿ ಬಿಬಿಎ. ನನ್ನದು 2021-22ರಲ್ಲಿ ಸೇರಿದ ಎನ್‌ಇಪಿಯ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ಮೊದಲ ಬ್ಯಾಚ್. ನನಗೆ ವರ್ಷ ಉಳಿಯಿತು. ಆದರೆ ನಲವತ್ತು ದಿನ ಯಾವ ಕಾಲೇಜಿನ ಹುಡುಗಿಯೂ ಆಗದೆ ಮನೆಯಲ್ಲಿ ಕೂತಿದ್ದೆ. ನಿಮಗೆ ಹಾಗಾಗಬಾರದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಎಬಿಸಿ ವಿಷಯ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ಹೆಸರು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಇದರ ನಿಯಮ ತಂದಿದ್ದು 2021ರ ಜುಲೈನಲ್ಲಿ. ಡಿಜಿಲಾಕರ್ ಮೂಲಕ 12 ಅಂಕಿಯ ಐಡಿ ಸಿಗುತ್ತದೆ, ನೀವು ಪಾಸಾದ ಪೇಪರುಗಳ ಕ್ರೆಡಿಟ್ಟನ್ನು ವಿಶ್ವವಿದ್ಯಾಲಯ ಅಲ್ಲಿಗೆ ಹಾಕುತ್ತದೆ. ಹೆಸರಿನಲ್ಲಿ ಬ್ಯಾಂಕ್ ಅಂತ ಇರುವುದರಿಂದಲೇ ಎಲ್ಲರೂ ಮೋಸ ಹೋಗುತ್ತಾರೆ. ಮಂಡ್ಯದ ಬ್ರಾಂಚಿನಲ್ಲಿ ಕಟ್ಟಿದ ದುಡ್ಡನ್ನು ಮೈಸೂರಿನ ಎಟಿಎಂನಲ್ಲಿ ತೆಗೆಯಬಹುದು, ಯಾರೂ ಯಾಕೆ ಅಂತ ಕೇಳುವುದಿಲ್ಲ. ಕ್ರೆಡಿಟ್ ಹಾಗಲ್ಲ. ನೀವು ಇಷ್ಟು ಓದಿ ಪಾಸಾಗಿದ್ದೀರಿ ಅನ್ನುವುದಕ್ಕೆ ಅದು ಸಾಕ್ಷಿ, ಅಷ್ಟೇ. ಅದರಲ್ಲಿ ಎಷ್ಟನ್ನು ಒಪ್ಪಿಕೊಳ್ಳಬೇಕು ಅನ್ನುವುದು ಸೇರಿಸಿಕೊಳ್ಳುವ ವಿಶ್ವವಿದ್ಯಾಲಯಕ್ಕೆ ಬಿಟ್ಟಿದ್ದು. ಸೀಟು ಇದೆಯೋ ಇಲ್ಲವೋ ಅನ್ನುವುದು ಮತ್ತೆ ಬೇರೆ ಮಾತು. ಬಿಬಿಎಗೆ ಇಂತಿಷ್ಟೇ ಸೀಟು ಅಂತ ಇರುತ್ತದೆ. ಎರಡನೇ ವರ್ಷಕ್ಕೆ ಹೋಗುವವರಿಗೆ ಅಲ್ಲಿ ಸೀಟು ಖಾಲಿ ಇದ್ದರೆ ಮಾತ್ರ ಜಾಗ.

ಎಬಿಸಿ ನಿಯಮದಲ್ಲೇ ಇನ್ನೆರಡು ವಿಷಯ ಇವೆ, ನಿಮಗೆ ಉಪಯೋಗಕ್ಕೆ ಬರುತ್ತವೆ. ಖಾತೆಯಲ್ಲಿರುವ ಕ್ರೆಡಿಟ್ ಹೆಚ್ಚೆಂದರೆ 7 ವರ್ಷ ಚಾಲ್ತಿಯಲ್ಲಿರುತ್ತದೆ. ಮತ್ತೆ, ಡಿಗ್ರಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು. ಲೆಕ್ಕ ಹಾಕಿ ನೋಡಿ. ಮೂರು ವರ್ಷ ಅಂದರೆ ಆರು ಸೆಮಿಸ್ಟರ್. ಎರಡು ಮುಗಿಸಿ ಹೋದರೆ ನಾಲ್ಕು ಅಲ್ಲಿ ಓದುತ್ತೀರಿ, ತೊಂದರೆ ಇಲ್ಲ. ನಾಲ್ಕು ಮುಗಿಸಿ ಹೋಗುತ್ತೇನೆ ಅಂದರೆ ಉಳಿಯುವುದು ಎರಡೇ, ಅರ್ಧ ತುಂಬುವುದೇ ಇಲ್ಲ. ಹಾಗಾಗಿ ಬದಲಾಯಿಸುವುದಾದರೆ ಈಗಲೇ ಬದಲಾಯಿಸಬೇಕು. ಇನ್ನೊಂದು ವರ್ಷ ನೋಡೋಣ ಅಂತ ಕೂರಬೇಡಿ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಪಾಠ, ಸುಮಾರು 15 ವಾರ. ನಾಲ್ಕು ಕ್ರೆಡಿಟ್ಟಿನ ಪೇಪರ್ ಅಂದರೆ 60 ಗಂಟೆ ಹತ್ತಿರ ಹತ್ತಿರ. ನಾನು ನಮ್ಮ ಮಾರ್ಕ್ಸ್‌ಕಾರ್ಡಿನ ಕ್ರೆಡಿಟ್ಟನ್ನೆಲ್ಲಾ ಕೂಡಿ, ಬಿಬಿಎ ಮೊದಲ ವರ್ಷದ ಕ್ರೆಡಿಟ್ಟನ್ನೂ ಕೂಡಿ, ಎರಡೂ ಸರಿಹೋಯಿತು ಅಂತ ಖುಷಿಯಾಗಿ ಹೋಗಿದ್ದೆ. ಆಫೀಸಿನಲ್ಲಿ ಆ ಮೊತ್ತವನ್ನು ಯಾರೂ ತಿರುಗಿಯೂ ನೋಡಲಿಲ್ಲ. ಅವರು ಕೇಳಿದ್ದು ಒಂದೇ, ಯಾವ್ಯಾವ ಪೇಪರ್ ಓದಿದ್ದೀಯಮ್ಮ?

ನನ್ನ ಪೇಪರುಗಳನ್ನೇ ಹೇಳುತ್ತೇನೆ, ಆಗ ಅರ್ಥವಾಗುತ್ತದೆ. ಬಿಕಾಂ ಮೊದಲ ಸೆಮಿಸ್ಟರ್‌ನಲ್ಲಿ ನನಗಿದ್ದ ಮುಖ್ಯ ಪೇಪರುಗಳು ಫೈನಾನ್ಷಿಯಲ್ ಅಕೌಂಟಿಂಗ್, ಮ್ಯಾನೇಜ್‌ಮೆಂಟ್ ಪ್ರಿನ್ಸಿಪಲ್ಸ್, ಮಾರ್ಕೆಟಿಂಗ್. ಬಿಬಿಎಯಲ್ಲೂ ಹೆಚ್ಚುಕಮ್ಮಿ ಇವೇ. ಹೆಸರಿನಲ್ಲಿ ಒಂದೆರಡು ಪದ ಬೇರೆ, ಅಕೌಂಟಿಂಗ್ ಪೇಪರಿಗೆ ಅಲ್ಲಿ ಫಂಡಮೆಂಟಲ್ಸ್ ಆಫ್ ಬಿಸಿನೆಸ್ ಅಕೌಂಟಿಂಗ್ ಅಂತಿತ್ತು. ಮೂರೂ ಸರಿಹೊಂದಿದವು. ಎರಡನೇ ಸೆಮಿಸ್ಟರ್‌ನಲ್ಲಿ ಬಂತು ತೊಡಕು. ನಾನು ಓದಿದ್ದು ಅಡ್ವಾನ್ಸ್ಡ್ ಫೈನಾನ್ಷಿಯಲ್ ಅಕೌಂಟಿಂಗ್, ಬಿಸಿನೆಸ್ ಮ್ಯಾಥಮ್ಯಾಟಿಕ್ಸ್, ಲಾ ಅಂಡ್ ಪ್ರಾಕ್ಟೀಸ್ ಆಫ್ ಬ್ಯಾಂಕಿಂಗ್. ಅಲ್ಲಿದ್ದದ್ದು ಫೈನಾನ್ಷಿಯಲ್ ಅಕೌಂಟಿಂಗ್ ಅಂಡ್ ರಿಪೋರ್ಟಿಂಗ್, ಬಿಸಿನೆಸ್ ಮ್ಯಾಥಮ್ಯಾಟಿಕ್ಸ್, ಜೊತೆಗೆ ಹ್ಯೂಮನ್ ರಿಸೋರ್ಸ್ ಮ್ಯಾನೇಜ್‌ಮೆಂಟ್. ಲೆಕ್ಕದ ಪೇಪರುಗಳನ್ನು ಒಪ್ಪಿದರು. ಆದರೆ ಎಚ್‌ಆರ್ ಪೇಪರಿಗೆ ಜೋಡಿ ನನ್ನ ಹತ್ತಿರ ಇರಲೇ ಇಲ್ಲ. ನನ್ನ ಬ್ಯಾಂಕಿಂಗ್ ಪೇಪರಿಗೆ ಅವರಲ್ಲಿ ಜಾಗ ಇರಲಿಲ್ಲ.

ಕೊನೆಗೆ ಏನಾಯಿತು ಅಂದರೆ, ಎಚ್‌ಆರ್ ಪೇಪರನ್ನು ನಾನು ಜೂನಿಯರ್‌ಗಳ ಜೊತೆ ಕೂತು ಬರೆದೆ. ಬ್ಯಾಂಕಿಂಗ್ ಪೇಪರಿನ ಕ್ರೆಡಿಟ್ ಇವತ್ತಿಗೂ ನನ್ನ ಎಬಿಸಿ ಖಾತೆಯಲ್ಲಿದೆ, ಬಿಬಿಎಗೆ ಮಾತ್ರ ಲೆಕ್ಕಕ್ಕೆ ಬರಲಿಲ್ಲ. ಓದಿದ್ದು ದಂಡವಾಯಿತು ಅಂತ ನನಗೆ ಅನಿಸಿಲ್ಲ. ಚೆಕ್ ಕ್ರಾಸ್ ಮಾಡುವುದರಿಂದ ಹಿಡಿದು ಬ್ಯಾಂಕಿಗೂ ಗ್ರಾಹಕರಿಗೂ ಇರುವ ಸಂಬಂಧದವರೆಗೆ ಅಲ್ಲಿ ಕಲಿತದ್ದನ್ನು ಈಗಿನ ಕೆಲಸದಲ್ಲಿ ದಿನಾ ಬಳಸುತ್ತೇನೆ. ಭಾಷೆಯ ಪೇಪರುಗಳು, ಡಿಜಿಟಲ್ ಫ್ಲೂಯೆನ್ಸಿ ಇಂಥವು ಎಲ್ಲಾ ಕೋರ್ಸಿಗೂ ಒಂದೇ ಆಗಿದ್ದರಿಂದ ಅವುಗಳ ತಂಟೆಗೆ ಯಾರೂ ಬರಲಿಲ್ಲ.

ನನ್ನ ಪಟ್ಟಿಯನ್ನೇ ನಿಮ್ಮದು ಅಂದುಕೊಳ್ಳಬೇಡಿ. 2024ರಲ್ಲಿ ರಾಜ್ಯ ಸರ್ಕಾರ ಎನ್‌ಇಪಿಯ ನಾಲ್ಕು ವರ್ಷದ ಪದ್ಧತಿ ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. 2024-25ರಿಂದ ಸೇರಿದವರಿಗೆ ಹೊಸ ಸಿಲಬಸ್. ಹಾಗಾಗಿ ನಿಮ್ಮ ಪೇಪರಿನ ಹೆಸರು, ಕ್ರೆಡಿಟ್ ಎರಡೂ ನನ್ನದಕ್ಕಿಂತ ಬೇರೆ ಇರುತ್ತವೆ. ಹೋಲಿಸುವ ಕೆಲಸವನ್ನು ನೀವೇ ಮಾಡಬೇಕು.

ಅದನ್ನು ನನಗೆ ಕಲಿಸಿದ್ದು ನಮ್ಮ ಹಳೇ ಕಾಲೇಜಿನ ಕಾಮರ್ಸ್ ಮೇಡಂ. ಎರಡೂ ಸಿಲಬಸ್ಸಿನ ಪ್ರಿಂಟ್ ತರಲು ಹೇಳಿದರು. ಸ್ಟಾಫ್ ರೂಮಿನ ಮೇಜಿನ ಮೇಲೆ ಎಡಗಡೆ ಬಿಕಾಂ, ಬಲಗಡೆ ಬಿಬಿಎ ಇಟ್ಟು, ಯೂನಿಟ್ ಯೂನಿಟ್ಟಾಗಿ ನೋಡುತ್ತಾ ಬಂದರು. ಎರಡರಲ್ಲೂ ಇರುವುದಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ. ಇಲ್ಲದ್ದಕ್ಕೆ ಸೊನ್ನೆ. ಐದು ಯೂನಿಟ್ಟಿನಲ್ಲಿ ನಾಲ್ಕಕ್ಕೆ ಗೆರೆ ಬಿದ್ದರೆ, ಇದು ಒಪ್ಪುತ್ತಾರೆ ಬಿಡು, ಅನ್ನುತ್ತಿದ್ದರು. ಎಚ್‌ಆರ್ ಹಾಳೆಯ ಮೇಲೆ ಐದೂ ಸೊನ್ನೆ. "ಇದನ್ನ ನೀನು ಬರೀಲೇಬೇಕು ಕಣೇ, ಇವತ್ತೇ ಬುಕ್ ತಗೋ" ಅಂದರು. ಆಮೇಲೆ ಬಿಕಾಂ ಸಿಲಬಸ್ಸಿನ ಪ್ರತಿ ಹಾಳೆಗೂ ಪ್ರಿನ್ಸಿಪಾಲರ ಸೀಲು, ಸಹಿ ಹಾಕಿಸಿಕೊಟ್ಟರು. ಮುಂದೆ ನನ್ನ ಕೆಲಸ ಆಗಿದ್ದು ಆ ಸೀಲಿನ ಹಾಳೆಗಳಿಂದ. ಮಾರ್ಕ್ಸ್‌ಕಾರ್ಡಿನಲ್ಲಿ ಪೇಪರಿನ ಹೆಸರು ಇರುತ್ತದೆಯೇ ಹೊರತು ಒಳಗೇನು ಓದಿದೆವು ಅನ್ನುವುದು ಇರುವುದಿಲ್ಲ, ಅಲ್ವಾ? ಸಿಲಬಸ್ ಇಲ್ಲದೆ ಈಕ್ವಿವಲೆನ್ಸ್, ಅಂದರೆ ಎರಡು ಪೇಪರ್ ಒಂದಕ್ಕೊಂದು ಸಮವೇ ಅಂತ ನೋಡುವವರು ಏನನ್ನು ನೋಡಬೇಕು?

ದುಃಖದ ಸಂಗತಿ ಏನಂದರೆ ಮೇಡಂ ಇದನ್ನೆಲ್ಲಾ ಮಾಡಿಸಿಕೊಟ್ಟಿದ್ದು ನಾನು ಟಿಸಿ ತೆಗೆದುಕೊಂಡ ಮೇಲೆ. ಮೈಸೂರಿನ ಒಂದು ಕಾಲೇಜಿನಲ್ಲಿ ವಿಚಾರಿಸಿದಾಗ, "ಎಲ್ಲಾ ಆಗುತ್ತೆ, ನೀವು ಟಿಸಿ ತಂದುಬಿಡಿ" ಅಂತ ಬಾಯಲ್ಲಿ ಹೇಳಿದರು. ನಾವು ನಂಬಿದೆವು. ಬಾಕಿ ಏನೂ ಇಲ್ಲ ಅನ್ನುವ ನೋ ಡ್ಯೂ ಮಾಡಿಸಿ, ಟಿಸಿ ತೆಗೆದುಕೊಂಡು ಅಪ್ಪನ ಜೊತೆ ಬೆಳಗಿನ ರೈಲು ಹತ್ತಿದೆ. ಅಲ್ಲಿ ಹೋದರೆ ಬೇರೆಯವರು ಕೂತಿದ್ದರು. ಬಿಕಾಂನವರನ್ನು ಬಿಬಿಎ ಎರಡನೇ ವರ್ಷಕ್ಕೆ ಸೇರಿಸಲು ಬರುವುದಿಲ್ಲ, ಬೇಕಾದರೆ ಮೊದಲ ವರ್ಷಕ್ಕೆ ಸೇರಿ, ಅಂದರು. ಹಿಂದಿನ ವಾರ ಹೇಳಿದವರು ಯಾರು ಅಂತ ತೋರಿಸಲು ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಅಪ್ಪ ಕಾರಿಡಾರಿನ ಬೆಂಚಿನ ಮೇಲೆ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆ ನಾಲ್ಕರವರೆಗೂ ಕೂತಿದ್ದರು. ಡಬ್ಬಿ ತೆರೆಯಲಿಲ್ಲ. ಮಂಡ್ಯದ ಕಾಲೇಜಿನಲ್ಲಿ ನನ್ನ ಹೆಸರು ಹೊಡೆದುಹಾಕಿ ಆಗಿತ್ತು. ಆ ಸಂಜೆ ವಾಪಸ್ ಬರುವಾಗ ಶ್ರೀರಂಗಪಟ್ಟಣ ದಾಟುವವರೆಗೂ ಇಬ್ಬರೂ ಮಾತಾಡಲಿಲ್ಲ.

ಆಮೇಲೆ ಬೇರೆ ಕಾಲೇಜು ಹುಡುಕಿ, ಸೀಲಿನ ಸಿಲಬಸ್ ಇಟ್ಟು ಅರ್ಜಿ ಕೊಟ್ಟು, ಅದು ವಿಶ್ವವಿದ್ಯಾಲಯಕ್ಕೆ ಹೋಗಿ ಒಪ್ಪಿಗೆ ಬರುವಷ್ಟರಲ್ಲಿ ನಲವತ್ತು ದಿನ. ಕಾಲೇಜಿನ ಒಳಪರೀಕ್ಷೆ, ಇಂಟರ್ನಲ್ಸ್, ಒಂದು ಮುಗಿದೇ ಹೋಗಿತ್ತು.

ಹಾಗಾಗಿ ನಿಮ್ಮ ಕೆಲಸ ಈ ಕ್ರಮದಲ್ಲಿ ನಡೆಯಲಿ. ಮೊದಲು ನಿಮ್ಮ ಮಾರ್ಕ್ಸ್‌ಕಾರ್ಡಿನ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆ ನೋಡಿ. ಮಂಡ್ಯಕ್ಕೆ 2019ರಲ್ಲಿ ಅದರದೇ ವಿಶ್ವವಿದ್ಯಾಲಯ ಬಂತು, ಕಾರ್ಡಿನ ಮೇಲೆ ಅದರ ಹೆಸರೂ ಇರಬಹುದು. ನಿಮ್ಮದು ಮೈಸೂರು ವಿಶ್ವವಿದ್ಯಾಲಯದ ಕಾರ್ಡಾಗಿದ್ದು ಹೋಗುವ ಕಾಲೇಜೂ ಅದೇ ವಿಶ್ವವಿದ್ಯಾಲಯದ್ದಾಗಿದ್ದರೆ ಕೆಲಸ ಹಗುರ. ಬೇರೆ ಬೇರೆಯಾದರೆ ಹಳೇ ವಿಶ್ವವಿದ್ಯಾಲಯ ಬಿಟ್ಟುಕೊಡುವ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು, ನೀವು ಸೇರಲು ಅರ್ಹರು ಅನ್ನುವ ಹೊಸ ವಿಶ್ವವಿದ್ಯಾಲಯದ ಎಲಿಜಿಬಿಲಿಟಿಯೂ ಆಗಬೇಕು. ಎರಡಕ್ಕೂ ಫೀಸು, ಓಡಾಟ ಇದ್ದೇ ಇರುತ್ತದೆ. ಮೈಸೂರು ವಿಶ್ವವಿದ್ಯಾಲಯದ ಆಡಳಿತ ಕಚೇರಿ ಕ್ರಾಫರ್ಡ್ ಹಾಲ್‌ನಲ್ಲಿದೆ, ಅದರ ಕ್ಯಾಂಪಸ್ ಆದ ಮಾನಸಗಂಗೋತ್ರಿಯ ಒಳಗಲ್ಲ. ಮೊದಲ ಸಲ ಬರುವವರು ಮಾನಸಗಂಗೋತ್ರಿಗೆ ಹೋಗಿ ಸುಮ್ನೆ ಅಲೆಯುತ್ತಾರೆ.

ಸೇರಬೇಕೆಂದಿರುವ ಕಾಲೇಜಿನಲ್ಲಿ ಬಿಬಿಎ ಎರಡನೇ ವರ್ಷಕ್ಕೆ ಸೀಟು ಖಾಲಿ ಇದೆಯಾ ಕೇಳಿ. 2024-25ರಿಂದ ಬಿಬಿಎ ಎಐಸಿಟಿಇ, ಅಂದರೆ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯ ಕೆಳಗೆ ಬಂದಿದೆ, ಆ ಅನುಮೋದನೆ ಇದೆಯಾ ಅಂತಲೂ ಕೇಳಿ. ಸಂಕೋಚ ಬೇಡ, ಕೇಳುವುದು ನಿಮ್ಮ ಹಕ್ಕು. ಸೀಟು ಇದೆ ಅಂದರೆ ಸಿಲಬಸ್, ಮಾರ್ಕ್ಸ್‌ಕಾರ್ಡ್ ಜೊತೆಗೆ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕರಿಸಿದ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಯಾವ ಪೇಪರ್ ಒಪ್ಪಿದ್ದಾರೆ, ಯಾವುದನ್ನು ಮತ್ತೆ ಬರೆಯಬೇಕು ಅನ್ನುವುದು ಕಾಗದದ ಮೇಲೆ ಬರಬೇಕು. ಅದು ಕೈಗೆ ಬರುವವರೆಗೂ ಟಿಸಿ ಮಾತೇ ಎತ್ತಬೇಡಿ. ಮಂಡ್ಯದ ಕ್ಲಾಸಿಗೆ ಹೋಗುತ್ತಲೇ ಇರಿ. ಹಾಜರಾತಿ ಎಲ್ಲಿಯಾದರೂ ಒಂದು ಕಡೆ ಇರಬೇಕು.

ಟಿಸಿ ತೆಗೆದುಕೊಳ್ಳುವ ದಿನ ದಾಖಲಾತಿ, ಪರೀಕ್ಷೆ ಎಲ್ಲಾ ನಡೆಯುವ ಯುಯುಸಿಎಂಎಸ್ ವೆಬ್‌ಸೈಟಿನ ಲಾಗಿನ್ ವಿಷಯವನ್ನೂ ಅಲ್ಲೇ ಮುಗಿಸಿಕೊಳ್ಳಿ. ಅದರಲ್ಲಿ ನನ್ನ ಹೆಸರು ಹಳೇ ಕಾಲೇಜಿನ ಕೆಳಗೇ ಉಳಿದುಬಿಟ್ಟಿತ್ತು, ಪರೀಕ್ಷೆ ಫೀಸು ಕಟ್ಟುವ ಹೊತ್ತಿಗೆ ಗೊತ್ತಾಯಿತು. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಬರುತ್ತಿದ್ದರೆ ಕಾಲೇಜು, ಕೋರ್ಸು ಬದಲಾಗಿರುವುದನ್ನು ಅಲ್ಲೂ ಸರಿಪಡಿಸಬೇಕು.

ಇಷ್ಟೆಲ್ಲಾ ಹೇಳಿದ ಮೇಲೆ ಒಂದು ಮಾತು ಕೇಳುತ್ತೇನೆ. ಬಿಬಿಎ ಯಾಕೆ ಬೇಕು? ಮುಂದೆ ಎಂಬಿಎ ಮಾಡಬೇಕು, ಅದಕ್ಕೆ ಬಿಬಿಎ ಬೇಕು ಅನ್ನುವ ಕಾರಣಕ್ಕಾದರೆ ದಯವಿಟ್ಟು ಬದಲಾಯಿಸಬೇಡಿ. ಎಂಬಿಎಗೆ ಯಾವ ಡಿಗ್ರಿ ಆದರೂ ಆಗುತ್ತದೆ. ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆಯಬೇಕು, ಡಿಗ್ರಿಯಲ್ಲಿ ಶೇ 50 ಇರಬೇಕು, ಎಸ್‌ಸಿ ಎಸ್‌ಟಿಯವರಿಗೆ ಶೇ 45. ಬಿಕಾಂ ಓದಿದವರಿಗೆ ಎಂಬಿಎಯ ಫೈನಾನ್ಸ್ ಪೇಪರುಗಳು ಸುಲಭವಾಗುವುದನ್ನು ನಾನೇ ನೋಡಿದ್ದೇನೆ. ಮನೆ ಬಿಟ್ಟು ಹೋಗುವುದು ಕಷ್ಟ ಅನ್ನುವವರಿಗೆ ಇನ್ನೊಂದು ದಾರಿಯೂ ಇದೆ. 2022ರಿಂದ ಒಟ್ಟಿಗೆ ಎರಡು ಡಿಗ್ರಿ ಓದಲು ಯುಜಿಸಿ ಬಿಟ್ಟಿದೆ. ಬಿಕಾಂ ಮುಂದುವರಿಸುತ್ತಾ ಮುಕ್ತ ವಿಶ್ವವಿದ್ಯಾಲಯದ ಬಿಬಿಎ ವಿಚಾರಿಸಬಹುದು, ಅದೂ ಮೈಸೂರಿನಲ್ಲೇ ಇದೆ.

ನನ್ನ ಕಾರಣ ಬೇರೆ ಇತ್ತು. ಜರ್ನಲ್, ಲೆಡ್ಜರ್ ಬರೆಯುವಾಗ ಬರದ ಹುರುಪು ಮಾರ್ಕೆಟಿಂಗ್ ಕ್ಲಾಸಿನಲ್ಲಿ ಬರುತ್ತಿತ್ತು. ಜನ ಒಂದು ಸೋಪು ಬಿಟ್ಟು ಇನ್ನೊಂದನ್ನು ಯಾಕೆ ತೆಗೆದುಕೊಳ್ಳುತ್ತಾರೆ ಅಂತ ಮೇಡಂ ಕೇಳಿದ ದಿನ ಮನೆಗೆ ಬಂದು ಅಮ್ಮನ ಸಾಮಾನು ಚೀಟಿಯನ್ನೆಲ್ಲಾ ಹುಡುಕಿ ನೋಡಿದ್ದೆ. ಅಂಥದ್ದೊಂದು ಸೆಳೆತ ನಿಮಗೂ ಇದ್ದರೆ ಒಂದು ಪೇಪರ್ ಜಾಸ್ತಿ ಬರೆಯುವುದು ಏನೂ ಭಾರವಲ್ಲ, ಹೋಗಿ.

ನಿಮ್ಮ ಎರಡೂ ಸೆಮಿಸ್ಟರ್‌ನ ಪೇಪರ್ ಹೆಸರು, ಸೇರಬೇಕೆಂದಿರುವ ಬಿಬಿಎ ಮೊದಲ ವರ್ಷದ ಪೇಪರ್ ಹೆಸರು ಎರಡನ್ನೂ ಕೆಳಗೆ ಬರೆದು ಹಾಕಿ. ಮೇಡಂ ಮಾಡಿದ ಹಾಗೆ ಅಕ್ಕಪಕ್ಕ ಇಟ್ಟು ನೋಡಿ, ಯಾವುದಕ್ಕೆ ಗೆರೆ, ಯಾವುದಕ್ಕೆ ಸೊನ್ನೆ ಅಂತ ನಾನು ಹೇಳುತ್ತೇನೆ.