ಓದುಗರ ಪ್ರಶ್ನೆ: ದಕ್ಕೆಯ ಮಕ್ಕಳು ಮತ್ತೆ ಶಾಲೆಗೆ

ಪ್ರಶ್ನೆ: ಮಲ್ಪೆ ಬಂದರಿನ ಸಮೀಪ ನನ್ನದೊಂದು ಚಿಕ್ಕ ಅಂಗಡಿಯಿದೆ. ಉತ್ತರ ಕರ್ನಾಟಕದಿಂದ ದುಡಿಯಲು ಬಂದಿರುವ ಕುಟುಂಬಗಳ ಮೂವರು ಮಕ್ಕಳು ಶಾಲೆಯ ಹೊತ್ತಿನಲ್ಲಿ ಬಾಟಲಿ ಹೆಕ್ಕುತ್ತಾ ತಿರುಗುತ್ತಾರೆ. ನೆರೆಯವರು ಸೇರಿ ಚೀಲ, ಪುಸ್ತಕ ಕೊಡಿಸಿ ಶಾಲೆಗೆ ಕಳುಹಿಸಿದೆವು. ಕೆಲವೇ ದಿನ ಹೋಗಿ ಬಿಟ್ಟರು. ಜನನ ಪ್ರಮಾಣಪತ್ರ, ವರ್ಗಾವಣೆ ಪತ್ರ ಯಾವುದೂ ಅವರಲ್ಲಿಲ್ಲ. ಇನ್ನೇನು ಮಾಡಬಹುದು?
– ಓದುಗರೊಬ್ಬರು, ಮಲ್ಪೆ

ಉತ್ತರ: ದಾಖಲೆಗಳ ಚಿಂತೆ ಬೇಡ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಂತೆ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ವರ್ಗಾವಣೆ ಪತ್ರ ಬಂದಿಲ್ಲವೆಂದಾಗಲಿ 6ರಿಂದ 14 ವರ್ಷದ ಮಗುವಿಗೆ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಊರಿನ ಶಾಲೆಯಲ್ಲಿ ಹೆಸರಿದ್ದ ಮಗುವಾದರೆ ಅದರ ಸ್ಯಾಟ್ಸ್ ಸಂಖ್ಯೆಯನ್ನು (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ) ಹುಡುಕಿಸುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳಿ.

ಸೇರಿಸುವುದಕ್ಕಿಂತ ಉಳಿಸಿಕೊಳ್ಳುವುದೇ ಕಷ್ಟವೆಂಬುದನ್ನು ನೀವೇ ಕಂಡಿದ್ದೀರಿ. ನಮ್ಮ ಕರಾವಳಿಯಲ್ಲಿ ಅದಕ್ಕೊಂದು ವಿಶೇಷ ಕಾರಣವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ದಕ್ಕೆಯ ಕೆಲಸ ನಿಂತು, ಬಿತ್ತನೆಯ ಕಾಲವೂ ಅದೇ ಆಗಿರುವುದರಿಂದ, ಇಂತಹ ಕುಟುಂಬಗಳು ಊರಿಗೆ ಹೊರಟುಬಿಡುತ್ತವೆ. ಶಾಲೆ ಆರಂಭವಾಗುವುದೂ ಆಗಲೇ. ಆಗಸ್ಟಿನಲ್ಲಿ ಮರಳಿದ ಮಗು ಮುಂದೆ ಸಾಗಿಹೋದ ಪಾಠದ ನಡುವೆ ಕುಳಿತು, ಏನೂ ತಿಳಿಯದೆ, ತನಗಿಂತ ಚಿಕ್ಕವರೆದುರು ಓದಲು ನಾಚಿ, ಮೆಲ್ಲನೆ ಜಾರಿಕೊಳ್ಳುತ್ತದೆ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು, ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂರಿಸಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕು ಎಂಬುದೂ ಕಾಯ್ದೆಯಲ್ಲೇ ಇದೆ. ಈ ತರಬೇತಿಯನ್ನು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೂಲಕ ಲಿಖಿತವಾಗಿ ಕೇಳಿ. ಬಾಯಿಮಾತಿನ ಕೋರಿಕೆ ಬೇಗ ಮರೆತುಹೋಗುತ್ತದೆ.

ಇನ್ನೊಂದು ಸಂಗತಿ ದೊಡ್ಡವರ ಗಮನಕ್ಕೆ ಬರುವುದು ಕಡಿಮೆ. ಪಾಠ ಕನ್ನಡದಲ್ಲಿ ನಡೆದರೂ ಇಲ್ಲಿ ಆಟದ ಬಯಲಿನ ಮಾತು ಹೆಚ್ಚಾಗಿ ತುಳು. ಕೊಪ್ಪಳದಿಂದಲೋ ಬಾಗಲಕೋಟೆಯಿಂದಲೋ ಬಂದ ಮಗು ಬಿಸಿಯೂಟದ ಸಾಲಿನಲ್ಲಿ ಒಂಟಿಯಾಗುತ್ತದೆ; ಅದರ ಕನ್ನಡ ಕೇಳಿ ನಗುವವರೂ ಇರುತ್ತಾರೆ. ನಿಮ್ಮ ಬೀದಿಯಿಂದ ಅದೇ ಶಾಲೆಗೆ ಹೋಗುವ ಮಕ್ಕಳು ಬೆಳಿಗ್ಗೆ ಇವರನ್ನು ಕರೆದುಕೊಂಡು ಹೋಗಲಿ, ಆಟಕ್ಕೂ ಸೇರಿಸಿಕೊಳ್ಳಲಿ. ಚೀಲ, ಪುಸ್ತಕಗಳಿಂದ ಆಗದ್ದು ಇದರಿಂದ ಆಗುತ್ತದೆಂದು ನಾನು ದೃಢವಾಗಿ ನಂಬಿದ್ದೇನೆ.

ಮನೆಯ ಸ್ಥಿತಿಯನ್ನೂ ವಿಚಾರಿಸಿ. ಬೆಳಗಾಗುವ ಮೊದಲೇ ತಾಯಿ ಮೀನಿನ ಕೆಲಸಕ್ಕೆ ಹೋದರೆ ತಮ್ಮತಂಗಿಯರನ್ನು ನೋಡಿಕೊಳ್ಳಲು ಹಿರಿಯ ಹುಡುಗಿ ಮನೆಯಲ್ಲೇ ಉಳಿಯಬೇಕಾಗುತ್ತದೆ. ಮೂರು ವರ್ಷ ತುಂಬಿದವರನ್ನು ಅಂಗನವಾಡಿಗೆ ಸೇರಿಸಿದರೆ ಅವಳು ಬಿಡುಗಡೆ ಹೊಂದುತ್ತಾಳೆ. ಶಾಲೆಯ ಹೊತ್ತಿನಲ್ಲಿ ಮಕ್ಕಳಿಂದ ಬಾಟಲಿ ಕೊಳ್ಳದಂತೆ ಹತ್ತಿರದ ಗುಜರಿ ಅಂಗಡಿಯವರನ್ನು ಒಪ್ಪಿಸಿ. ವ್ಯಾಪಾರಿಯಾದ ನಿಮ್ಮ ಮಾತಿಗೆ ಅವರಲ್ಲಿ ಬೆಲೆಯಿರುತ್ತದೆ. ನೆರೆಯವರು ಒಬ್ಬೊಬ್ಬರು ಒಂದೊಂದು ಮಗುವಿನ ಹೊಣೆ ಹೊತ್ತು, ಗೈರುಹಾಜರಾದ ದಿನವೇ ಮನೆಗೆ ಹೋಗಿ ವಿಚಾರಿಸಲಿ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಾ ತಮ್ಮೂರು ನ್ಯೂಪಡ್ಪುವಿಗೆ ಶಾಲೆ ತಂದು, 2020ರಲ್ಲಿ ಪದ್ಮಶ್ರೀಗೆ ಆಯ್ಕೆಯಾದ ಹರೇಕಳ ಹಾಜಬ್ಬನವರು ಉಳಿತಾಯದ ಹಣದ ಜೊತೆಗೆ ಕಚೇರಿಗಳಿಗೆ ಮತ್ತೆ ಮತ್ತೆ ಅಲೆಯುವ ಸಹನೆಯನ್ನೂ ಹಾಕಿದ್ದರು. ನಿಮ್ಮ ಕೆಲಸಕ್ಕೂ ಹಣಕ್ಕಿಂತ ಅದೇ ಹೆಚ್ಚು ಬೇಕು.

ಹೆತ್ತವರಿಲ್ಲದೆ ಒಂಟಿಯಾಗಿ ಅಲೆಯುವ ಮಗು ಕಂಡರೆ ಮಾತ್ರ ನೀವೇ ಇರಿಸಿಕೊಳ್ಳಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಅಂತಹ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು.

ಪ್ರಶ್ನೆ: ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಬಳಿ ಸಾಮಾನು ಮಾರುವ 15ರ ಹುಡುಗನೊಬ್ಬ ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದಾನೆ. ಅವನಿಗೆ ಓದುವ ಆಸೆಯಿದೆ. ವಯಸ್ಸು ಮೀರಿತೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಮೀರಿಲ್ಲ. 14 ತುಂಬುವ ಮೊದಲೇ ಮರಳಿ ಸೇರಿದವರು ಆ ವಯಸ್ಸು ದಾಟಿದ ಮೇಲೂ ಎಂಟನೆಯ ತರಗತಿಯವರೆಗೆ ಉಚಿತವಾಗಿ ಓದಬಹುದು. ಈ ಹುಡುಗನಿಗೆ ಆ ಅವಕಾಶ ತಪ್ಪಿದ್ದರೂ, ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯುವ ದಾರಿ ತೆರೆದಿದೆ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಅವನೊಂದಿಗೆ ನೀವೂ ಹೋಗಿ, ನೋಂದಣಿಯ ಕೊನೆಯ ದಿನಾಂಕವನ್ನು ಮೊದಲು ತಿಳಿದುಕೊಳ್ಳಿ. ಸಂಜೆಯ ಹೊತ್ತು ಗಣಿತ ಮತ್ತು ಇಂಗ್ಲಿಷ್ ಹೇಳಿಕೊಡಬಲ್ಲ ಕಾಲೇಜು ವಿದ್ಯಾರ್ಥಿಯೊಬ್ಬರನ್ನು ಈಗಲೇ ಗೊತ್ತುಮಾಡಿ.