ದೀಪಸ್ತಂಭ ಆಮೇಲೆ, ಮೊದಲು ಮಹಡಿಯ ಮನೆ

ಮಾನ್ಯರೇ,

ನಿಮ್ಮ ಸಣ್ಣ ನಗರಕ್ಕೆ ಮುಂದಿನ ಇಪ್ಪತ್ತು ವರ್ಷಗಳ ಬೆಳವಣಿಗೆಯ ಯೋಜನೆ ಸಿದ್ಧವಾಗುತ್ತಿದೆ ಎಂದು ಬರೆದಿದ್ದೀರಿ. ಊರಾಚೆ ಹೊಸ ಬಡಾವಣೆಗಳು ಬರಲಿವೆ; ನಡುಪೇಟೆಯ ಹಳೆಯ ಬೀದಿಗೆ ಕಲ್ಲುಹಾಸು, ಅಲಂಕಾರದ ದೀಪಸ್ತಂಭ, ಕಾರಂಜಿ. ಆ ಬೀದಿಗೆ ಕಾರುಗಳು ಬರಲೇಬಾರದು ಎಂಬುದು ನಿಮ್ಮ ವಾದ. ಅಂಗಡಿಯವರು ಅಡ್ಡಗಾಲು ಹಾಕುತ್ತಿದ್ದಾರೆ, ಪತ್ರಿಕೆಯೂ ಅವರ ಪರ ವಹಿಸಿತು ಎಂಬುದು ದೂರು.

ದೂರನ್ನು ನಾನು ಒಪ್ಪಲಾರೆ. ಅಂಗಡಿಯವರ ಭಯ ಬರಿಯ ಹಟವಲ್ಲ. ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ನಗರ 1959ರಲ್ಲಿ ತನ್ನ ಪೇಟೆಬೀದಿಯನ್ನು ಕಾಲ್ನಡಿಗೆಯವರಿಗೆ ಬಿಟ್ಟುಕೊಟ್ಟಿತು. ಆ ದೇಶದಲ್ಲಿ ಅಂಥದ್ದು ಅದೇ ಮೊದಲು. ಹಲವು ಊರುಗಳು ಅದನ್ನು ಅನುಕರಿಸಿದವು. 1998ರ ಹೊತ್ತಿಗೆ ಕಲಮಜೂ ಆ ಬೀದಿಯ ಒಂದು ಭಾಗಕ್ಕೆ ಮತ್ತೆ ಕಾರುಗಳನ್ನು ಬಿಟ್ಟಿತು. ಕ್ಯಾಲಿಫೋರ್ನಿಯಾದ ಫ್ರೆಸ್ನೋ 1964ರಲ್ಲಿ ಮುಚ್ಚಿದ್ದ ಬೀದಿಯನ್ನು 2017ರಲ್ಲಿ ವಾಹನಗಳಿಗೆ ತೆರೆಯಿತು. ಈ ಎರಡೂ ಯೋಜನೆಗಳ ಹಿಂದೆ ಇದ್ದವರು ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್. 1956ರಲ್ಲಿ ಮಿನೆಸೋಟದ ಊರಂಚಿನಲ್ಲಿ ತೆರೆದ, ಪೂರ್ತಿ ಸೂರಿನಡಿಯ ಹವಾನಿಯಂತ್ರಿತ ಮಾಲ್ ಅನ್ನು ವಿನ್ಯಾಸಗೊಳಿಸಿದವರೂ ಅವರೇ. ಒಂದು ಕೈ ಪೇಟೆಯನ್ನು ಉಳಿಸಲು ಹೊರಟಿತ್ತು, ಇನ್ನೊಂದು ಕೈ ಪೇಟೆಯ ಗಿರಾಕಿಯನ್ನು ಊರಾಚೆಗೆ ಕರೆಯುತ್ತಿತ್ತು!

ನಿಮ್ಮ ಯೋಜನೆಯ ಬಗ್ಗೆ ನನಗಿರುವ ಅನುಮಾನವೂ ಇದೇ. ಬೆಳವಣಿಗೆಗೆ ಒಂದು ಅಧ್ಯಾಯ, ಪೇಟೆಯ ಸುಧಾರಣೆಗೆ ಇನ್ನೊಂದು. ಎರಡೂ ಒಂದೇ ತೀರ್ಮಾನವೆಂದು ಬರೆದವರಿಗೆ ಹೊಳೆದಂತಿಲ್ಲ. ಹೊರಗಿನ ಬಡಾವಣೆಯಲ್ಲಿ ಮನೆಗಳು ದೂರದೂರವಿರುತ್ತವೆ; ಪ್ರತಿ ಮನೆಯ ಪಾಲಿಗೆ ಬರುವ ರಸ್ತೆ, ನೀರಿನ ಕೊಳವೆ, ಒಳಚರಂಡಿ ಉದ್ದವಾಗುತ್ತವೆ. ಬಡಾವಣೆ ಮಾಡಿದವರು ಇದನ್ನೆಲ್ಲ ಮೊದಲ ಸಲ ಹಾಕಿಕೊಟ್ಟರೂ ಮುಂದಿನ ದುರಸ್ತಿ ಊರಿನ ಹೆಗಲಿಗೆ. ಹಳೆಯ ಪೇಟೆಯಲ್ಲಿ ಅದೇ ಕೊಳವೆ ಈಗಾಗಲೇ ನೆಲದಡಿಯಲ್ಲಿದೆ, ಅದರ ಮೇಲೆ ಒತ್ತೊತ್ತಾಗಿ ಕಟ್ಟಡಗಳಿವೆ. ಎಕರೆಗೆ ಎಷ್ಟು ತೆರಿಗೆ ಬರುತ್ತದೆ ಎಂದು ಲೆಕ್ಕ ಹಾಕಿದರೆ ಹಳೆಯ ಮೂರಂತಸ್ತಿನ ಸಾಲುಕಟ್ಟಡ ಎಷ್ಟೋ ಸಲ ವಿಶಾಲ ನಿಲುಗಡೆಯ ಹೊಸ ಮಳಿಗೆಯನ್ನು ಹಿಂದಿಕ್ಕುತ್ತದೆ. ಈ ಲೆಕ್ಕವನ್ನು ಯೋಜನೆಯೊಳಗೆ ಸೇರಿಸಿರಿ ಎಂದು ಕೇಳಿ. ಕೊಡದಿದ್ದರೆ ಪಟ್ಟು ಹಿಡಿಯಿರಿ.

ಕಾರು ತೆಗೆದರೆ ಪೇಟೆ ಸಾಯುತ್ತದೆ ಎಂದೂ ನಾನು ಹೇಳುತ್ತಿಲ್ಲ. ನೀವು ಉದಾಹರಿಸಿದ ಸ್ಪೇನಿನ ಪೊಂತೆವೆದ್ರಾ ಸುಮಾರು 80 ಸಾವಿರ ಜನರ ಊರು. 1999ರಲ್ಲಿ ಮೇಯರ್ ಆದ ಮಿಗೆಲ್ ಆನ್ಶೋ ಫೆರ್ನಾಂಡೆಸ್ ಲೋರೆಸ್, ವೃತ್ತಿಯಿಂದ ವೈದ್ಯರು, ಹಳೆಯ ಊರನ್ನು ಕಾಲ್ನಡಿಗೆಗೆ ಬಿಡಿಸಿದರು. ಸರಕು ಇಳಿಸುವವರಿಗೆ, ಅಲ್ಲಿನ ನಿವಾಸಿಗಳಿಗೆ ದಾರಿ ಉಳಿಯಿತು. ಉಳಿದವರ ಕಾರು ಹೊರ ಅಂಚಿನ ನಿಲುಗಡೆಯಲ್ಲಿ. ದೊಡ್ಡ ಶಾಪಿಂಗ್ ಕೇಂದ್ರಗಳಿಗೆ ಅನುಮತಿ ನಿರಾಕರಿಸಿದ್ದೂ ಇದರ ಜೊತೆಗೇ ನಡೆಯಿತು. ಈ ಕೊನೆಯ ಸಂಗತಿಯನ್ನು ನಿಮ್ಮ ಪತ್ರ ಮರೆತಿದೆ.

ನೀವು ಒಂದೇ ಸಾಲಿನಲ್ಲಿ ದಾಟಿಹೋದ ವಿಷಯವೇ ನನಗೆ ಮುಖ್ಯವಾಗಿ ಕಂಡಿತು. ಅಂಗಡಿಗಳ ಮೇಲಿನ ಮಹಡಿಗಳು ಖಾಲಿ ಬಿದ್ದಿವೆ ಎಂದಿರಿ. ಅವು ಯಾಕೆ ಖಾಲಿ? ಬೇರೆ ಮೆಟ್ಟಿಲಿಲ್ಲದಿರುವುದು, ಒಡೆತನದ ತಕರಾರು, ಆ ಭಾಗವನ್ನು ವ್ಯಾಪಾರಕ್ಕೆ ಮಾತ್ರ ಮೀಸಲಿಟ್ಟ ವಲಯ ನಿಯಮ, ಪ್ರತಿ ಮನೆಗೂ ಇಷ್ಟು ಕಾರಿಗೆ ಜಾಗ ಇರಲೇಬೇಕೆಂಬ ಷರತ್ತು: ಎಲ್ಲ ಕಡೆಯೂ ಸಿಗುವ ಕಾರಣಗಳಿವು. ಕೊನೆಯ ಎರಡಕ್ಕೆ ಹಣ ಬೇಡ, ತಿದ್ದುಪಡಿ ಸಾಕು. ಅಮೆರಿಕದ ಬಫಲೋ ನಗರ 2017ರಲ್ಲಿ ಕನಿಷ್ಠ ನಿಲುಗಡೆಯ ಷರತ್ತನ್ನೇ ಕೈಬಿಟ್ಟಿತು. ಮೇಲೆ ಜನ ವಾಸವಾದರೆ ಸಂಜೆ ಏಳರ ನಂತರವೂ ಬೀದಿಯಲ್ಲಿ ಹೆಜ್ಜೆಸದ್ದು ಇರುತ್ತದೆ. ಜನರೇ ಇಲ್ಲದ ಬೀದಿಗೆ ಕಾರಂಜಿ ಇಡುವುದು ಮದುಮಗಳಿಲ್ಲದ ಮದುವೆಗೆ ಚಪ್ಪರ ಹಾಕಿದಂತೆ.

ನಿಲುಗಡೆಯ ಜಗಳದ ಬಗ್ಗೆ ಒಂದು ಮಾತು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾ 1993ರಲ್ಲಿ ಹಳೆಯ ಪೇಟೆಯಲ್ಲಿ ನಿಲುಗಡೆಗೆ ಶುಲ್ಕ ಹಾಕಿದಾಗ ಅಲ್ಲಿನ ವ್ಯಾಪಾರಿಗಳೂ ಮೊದಲು ವಿರೋಧಿಸಿದ್ದರು. ಆ ಹಣ ಅದೇ ಬೀದಿಗಳ ಕಾಲುದಾರಿಗೆ, ಸ್ವಚ್ಛತೆಗೆ ಖರ್ಚಾಗುತ್ತದೆ ಎಂಬ ಖಾತರಿ ಸಿಕ್ಕ ಮೇಲೆ ಒಪ್ಪಿದರು. ಅರ್ಥಶಾಸ್ತ್ರಜ್ಞ ಡೊನಾಲ್ಡ್ ಶೂಪ್ ಈ ಉದಾಹರಣೆಯನ್ನು ವಿವರವಾಗಿ ಬರೆದರು. ಪ್ರತಿ ಬೀದಿಯಲ್ಲಿ ಒಂದೆರಡು ಜಾಗ ಸದಾ ಖಾಲಿ ಉಳಿಯುವಷ್ಟು ದರ ಇರಬೇಕೆಂಬುದು ಅವರ ಸೂತ್ರ. ನಿಮ್ಮ ಅಂಗಡಿಯವರ ಮುಂದೆ ನಿಷೇಧದ ಬದಲು ಇದನ್ನಿಟ್ಟು ನೋಡಿ. ದಿನವಿಡೀ ಅಂಗಡಿ ಮುಂದೆ ನಿಲ್ಲುವ ಕಾರುಗಳಲ್ಲಿ ಗಿರಾಕಿಗಳದೆಷ್ಟು, ಮಾಲೀಕರು ಮತ್ತು ಸಿಬ್ಬಂದಿಯದೆಷ್ಟು ಎಂದು ಒಂದು ವಾರ ಎಣಿಸಿದರೆ ಮಾತುಕತೆ ಸಲೀಸಾಗುತ್ತದೆ.

ಸಾರ್ವಜನಿಕ ಆಕ್ಷೇಪಣೆಗೆ ಬೆಲೆ ಇದೆಯೇ ಎಂದು ಕೇಳಿದ್ದೀರಿ. ಭೂಬಳಕೆಯ ನಕ್ಷೆ ಅಂತಿಮವಾಗುವ ಮುಂಚೆ ಕೊಟ್ಟರೆ ಇದೆ. ಬರಹದಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ, ಸಾಧ್ಯವಾದರೆ ಅಂಗಡಿಯವರ ಸಹಿಯನ್ನೂ ಹಾಕಿಸಿ. ಖಾಲಿ ಮಹಡಿಗಳ ವಿಚಾರದಲ್ಲಿ ಅವರ ಹಿತವೂ ನಿಮ್ಮ ಹಿತವೂ ಒಂದೇ.

– ಸಂಪಾದಕ