ಸಂಪಾದಕರ ಉತ್ತರ: ಬಂದಳಿಕೆಯೋ, ಬಿಳಲೋ?

ದಾವಣಗೆರೆಯ ಓದುಗರೊಬ್ಬರು ಮೂರು ಪುಟಗಳ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ಬಂದ ಮಾರಿಯೊ ಆಟಗಳ ಖಳ ವಾರಿಯೊನ ಹೆಸರಿನ ಆಟಗಳ ಕುರಿತ ಲೇಖನ ಅವರಿಗೆ ಹಿಡಿಸಿಲ್ಲ. ಹೆಸರಾಂತ ವಿಡಿಯೊ ಗೇಮ್ ಸರಣಿಗಳು ಸ್ಪಿನ್-ಆಫ್‌ಗಳನ್ನು (ಮುಖ್ಯ ಸರಣಿಯಿಂದ ಕವಲೊಡೆದ ಆಟಗಳನ್ನು) ಒಂದರ ಹಿಂದೊಂದು ಹೊರತಂದು ಮೂಲದ ಸತ್ವವನ್ನೇ ಹೀರಿಸಿಕೊಳ್ಳುತ್ತಿವೆ, ಈ ಕವಲುಗಳು ಮಾವಿನ ಮರಕ್ಕೆ ಹತ್ತಿದ ಬಂದಳಿಕೆಯಂತೆ, ಪತ್ರಿಕೆ ಇಂಥವಕ್ಕೆ ಪುಟ ಕೊಡುವುದನ್ನು ನಿಲ್ಲಿಸಬೇಕು ಎಂಬುದು ಅವರ ವಾದದ ಸಾರ. ಪೊಕೆಮಾನ್ ಸರಣಿಯ ಫೋನ್ ಆಟ ‘ಪೊಕೆಮಾನ್ ಗೋ’ ಮೇಲೆ ಅವರಿಗೆ ವಿಶೇಷ ಸಿಟ್ಟು. ಭಾನುವಾರ ಮಗಳೊಡನೆ ‘ಮಾರಿಯೊ ಕಾರ್ಟ್’ ಆಡುವುದೊಂದೇ ತಮಗೀಗ ಉಳಿದಿರುವ ಆಟವೆಂದು ಪತ್ರದ ಕೊನೆಯಲ್ಲಿ, ವಿಷಯಕ್ಕೆ ಸಂಬಂಧವಿಲ್ಲವೆಂಬಂತೆ, ಸೇರಿಸಿದ್ದಾರೆ.

ಮಾನ್ಯರೇ, ಕೈಬರಹದಲ್ಲಿ ಮೂರು ಪುಟ ಬರೆಯುವ ಓದುಗರು ವಿರಳವಾಗಿರುವ ಈ ಕಾಲದಲ್ಲಿ ಮೊದಲು ತಮ್ಮ ಶ್ರಮಕ್ಕೆ ನಮಸ್ಕಾರ. ಪ್ರೀತಿಯಿಲ್ಲದವರು ಇಷ್ಟು ಕೋಪಿಸಿಕೊಳ್ಳುವುದಿಲ್ಲ ಎಂಬುದನ್ನೂ ಬಲ್ಲೆ. ಆದರೆ ಕವಲು ಆಟಗಳಿಗೆ ಬಂದಳಿಕೆಯ ಪಟ್ಟ ಕಟ್ಟುವ ಮುನ್ನ ತಾವು ಅವುಗಳ ವಂಶಾವಳಿಯನ್ನೊಮ್ಮೆ ತಿರುವಿ ನೋಡಬೇಕಿತ್ತು.

ತಮ್ಮ ಮಾತಿನಲ್ಲಿ ಹುರುಳೇ ಇಲ್ಲವೆನ್ನಲಾರೆ. 2005ರಲ್ಲಿ ಬಂದ ‘ಗಿಟಾರ್ ಹೀರೋ’ ಎಂಬ ಸಂಗೀತದ ಆಟ ಮೋಡಿ ಮಾಡಿದ್ದು ನಿಜ. 2009ರ ಒಂದೇ ವರ್ಷದಲ್ಲಿ ಐದನೆಯ ಭಾಗದ ಜೊತೆಗೆ ಮೆಟಾಲಿಕಾ, ವ್ಯಾನ್ ಹೇಲನ್, ಸ್ಮ್ಯಾಶ್ ಹಿಟ್ಸ್, ಬ್ಯಾಂಡ್ ಹೀರೋ, ಡಿಜೆ ಹೀರೋ ಎಂದು ಅಂಗಡಿಯ ಕಪಾಟು ತುಂಬಿಸಿದ ಆ್ಯಕ್ಟಿವಿಷನ್ ಸಂಸ್ಥೆ, 2011ರಲ್ಲಿ ಆ ವಿಭಾಗದ ಬಾಗಿಲನ್ನೇ ಹಾಕಿತು. ‘ಕಿಂಗ್‌ಡಮ್ ಹಾರ್ಟ್ಸ್’ ಸರಣಿಯ ಎರಡನೆಯ ಭಾಗ ಬಂದದ್ದು 2005ರಲ್ಲಿ, ಮೂರನೆಯದು 2019ರಲ್ಲಿ. ನಡುವಿನ ವರ್ಷಗಳಲ್ಲಿ ಕಥೆಯ ಎಳೆಗಳನ್ನು ಡಿಎಸ್, ಪಿಎಸ್‌ಪಿ, 3ಡಿಎಸ್ ಎಂದು ಬೇರೆ ಬೇರೆ ಯಂತ್ರಗಳ ಕವಲು ಆಟಗಳಲ್ಲಿ ಚೆಲ್ಲಿದ್ದರಿಂದ, ಹೆಸರಿನಲ್ಲಿ ಅಂಕಿ ಹೊತ್ತ ಮುಖ್ಯ ಆಟಗಳನ್ನಷ್ಟೇ ಆಡಿದವನು ಮೂರನೆಯ ಭಾಗಕ್ಕೆ ಬಂದಾಗ ನೆಂಟರ ಗುರುತೇ ಸಿಗದ ಮದುವೆ ಮನೆಗೆ ಹೊಕ್ಕವನಂತಾಗುತ್ತಾನೆ. ಆದರೆ ಇದು ಜಗುಲಿಯ ಕಂಬದ ಮೇಲೆ ನಡುಮನೆಯ ತೊಲೆ ಹೇರಿದವರ ತಪ್ಪು. ಅದಕ್ಕೆ ಕಂಬವನ್ನು ಬೈದು ಏನು ಫಲ?

ಈಗ ವಂಶಾವಳಿ. ತಾವು ಮೂಲವೆಂದು ಕೈಮುಗಿಯುವ ಮಾರಿಯೊ ಹುಟ್ಟಿದ್ದೇ ಪರರ ಮನೆಯಲ್ಲಿ. 1981ರ ‘ಡಾಂಕಿ ಕಾಂಗ್’ ಆಟ ಹೆಸರು ಪಡೆದದ್ದು ದೊಡ್ಡ ಕಪಿಯಿಂದ. ಅದು ಉರುಳಿಸುವ ಪೀಪಾಯಿಗಳನ್ನು ಹಾರಿ ದಾಟುವ ಬಡಗಿಯನ್ನು ಆಟದ ಯಂತ್ರದ ಮೇಲೆ ‘ಜಂಪ್‌ಮ್ಯಾನ್’ ಎಂದಷ್ಟೇ ಕರೆದಿದ್ದರು. 1983ರಲ್ಲಿ ಅವನಿಗೆ ತಮ್ಮನೊಡನೆ ಬೇರೆ ಸಂಸಾರ ಹೂಡಿಕೊಟ್ಟರು, 1985ರಲ್ಲಿ ‘ಸೂಪರ್ ಮಾರಿಯೊ ಬ್ರದರ್ಸ್’ ಬಂತು. ಹೀಗೆ ತಮ್ಮ ಮಾವಿನ ಮರವೇ ಇನ್ನೊಂದು ಮರದ ಕೊಂಬೆ. ಅಮೆರಿಕದಲ್ಲಿ 1988ರಲ್ಲಿ ಮಾರಾಟವಾದ ಎರಡನೆಯ ಭಾಗವಂತೂ ‘ಡೋಕಿ ಡೋಕಿ ಪ್ಯಾನಿಕ್’ ಎಂಬ ಬೇರೊಂದು ಜಪಾನಿ ಆಟದ ಪಾತ್ರಗಳಿಗೆ ಮುಖ ಬದಲಿಸಿ ಮಾಡಿದ್ದು. ಮುಖವಾಡ ತೊಟ್ಟ ಶೈ ಗೈ ಅಲ್ಲಿಂದ ವಲಸೆ ಬಂದವನು, ಇಂದು ಮನೆಯವನೇ ಆಗಿದ್ದಾನೆ. ನಾವು ಲೇಖನ ಬರೆದ ವಾರಿಯೊನ ಕಥೆ ಇನ್ನೂ ಸ್ವಾರಸ್ಯದ್ದು. 1992ರ ‘ಸೂಪರ್ ಮಾರಿಯೊ ಲ್ಯಾಂಡ್’ ಎರಡನೆಯ ಭಾಗದಲ್ಲಿ ಖಳನಾಗಿ ಕಾಣಿಸಿಕೊಂಡವನು 1994ರಲ್ಲಿ ಮೂರನೆಯ ಭಾಗವನ್ನೇ ತನ್ನ ಹೆಸರಿಗೆ ಬರೆಸಿಕೊಂಡ. 2003ರಲ್ಲಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುವ ಪುಟ್ಟ ಆಟಗಳ ಸರಮಾಲೆ ಹೆಣೆದದ್ದೂ ಅವನ ಹೆಸರಿನಲ್ಲಿಯೇ. ಅಂಥದ್ದನ್ನು ಮಾರಿಯೊನ ಹೆಸರಿನ ದೊಡ್ಡ ಆಟದಲ್ಲಿ ಮಾಡಲು ಯಾವ ಸಂಸ್ಥೆಗೆ ಧೈರ್ಯ ಬಂದೀತು?

ನನ್ನ ವಾದವೆಲ್ಲ ಆ ಧೈರ್ಯದ ಸುತ್ತಲೇ ಇದೆ. ಅಂಕಿ ಹೊತ್ತ ಆಟ ಸಂಸ್ಥೆಯ ಮರ್ಯಾದೆಯನ್ನು ತಲೆಯ ಮೇಲೆ ಹೊತ್ತು ನಡೆಯುತ್ತದೆ, ಎಡವುವ ಹಾಗಿಲ್ಲ. ಕವಲು ಆಟಕ್ಕೆ ಎಡವುವ ಸ್ವಾತಂತ್ರ್ಯವಿದೆ, ಹಾಗಾಗಿ ಹೊಸ ನಡಿಗೆಯೂ ಅಲ್ಲಿಯೇ ಹುಟ್ಟುತ್ತದೆ. ಜಪಾನಿಯರು ಇಂಥ ಕೃತಿಯನ್ನು ‘ಗೈಡೆನ್’ ಎನ್ನುತ್ತಾರೆ. ನಮ್ಮ ‘ಉಪಕಥೆ’ ಎಂಬ ಮಾತಿಗೆ ಅದು ಬಹು ಹತ್ತಿರ. 1991ರಲ್ಲಿ ಅಂಗೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ಗೆ ಬಂದ ‘ಸೈಕೆನ್ ಡೆನ್ಸೆತ್ಸು’ ಆಟಕ್ಕೆ ‘ಫೈನಲ್ ಫ್ಯಾಂಟಸಿ’ ಎಂಬ ಹೆಸರಾಂತ ಸರಣಿಯ ಕವಲೆಂದು ಸಾರುವ ‘ಫೈನಲ್ ಫ್ಯಾಂಟಸಿ ಗೈಡೆನ್’ ಎಂಬ ಅಡಿಬರಹವಿತ್ತು. 1993ರ ಎರಡನೆಯ ಭಾಗದ ಹೊತ್ತಿಗೆ ಅದು ತವರಿನ ಹೆಸರನ್ನು ಬಿಟ್ಟು ‘ಮಾನಾ’ ಸರಣಿಯಾಗಿ ಬೆಳೆಯಿತು. 1997ರ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ಗೆಂದು ಅದರ ನಿರ್ದೇಶಕ ಯಾಸುಮಿ ಮಾತ್ಸುನೊ ಕಟ್ಟಿದ ಇವಾಲಿಸ್ ಲೋಕದಲ್ಲಿಯೇ 2006ರ ಹನ್ನೆರಡನೆಯ ಮುಖ್ಯ ಭಾಗ ನಡೆಯುತ್ತದೆ. ಬಂದಳಿಕೆ ಎಂದಾದರೂ ಮರಕ್ಕೆ ಮರಳಿ ರಸ ಕೊಟ್ಟದ್ದುಂಟೇ?

‘ಪರ್ಸೋನಾ’ದ ಮಾತೂ ಹೀಗೆಯೇ. ‘ಮೆಗಾಮಿ ಟೆನ್ಸೆ’ ಎಂಬ ಕಠಿಣ ಆಟಗಳ ಮನೆತನದಲ್ಲಿ 1994ರಲ್ಲಿ ಶಾಲೆಯೊಂದರಲ್ಲಿ ನಡೆಯುವ ಕವಲು ಹುಟ್ಟಿತು, ಅದರ ಬೆನ್ನಿಗೆ 1996ರಲ್ಲಿ ‘ಪರ್ಸೋನಾ’ ಬಂತು. ಅಮೆರಿಕದಲ್ಲಿ ಮೂರನೆಯ ಮತ್ತು ನಾಲ್ಕನೆಯ ಭಾಗಗಳ ಹೊದಿಕೆಯ ಮೇಲೆ ‘ಶಿನ್ ಮೆಗಾಮಿ ಟೆನ್ಸೆ’ ಎಂಬ ತಂದೆಯ ಹೆಸರು ಇನಿಷಿಯಲ್‌ನಂತೆ ಅಂಟಿಕೊಂಡಿತ್ತು. ಐದನೆಯ ಭಾಗಕ್ಕೆ ಇನಿಷಿಯಲ್ ಬೇಕಾಗಲಿಲ್ಲ. ಈಗ ಜನ ಮಗನ ಪರಿಚಯದಿಂದ ತಂದೆಯ ಮನೆ ಹುಡುಕಿಕೊಂಡು ಹೋಗುತ್ತಾರೆ.

ಪುಸ್ತಕದ ಮಾತು ಸಾಕು, ಮನೆಯ ಮಾತೊಂದನ್ನು ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ಅರಸೀಕೆರೆಯ ನಮ್ಮ ಚಿಕ್ಕಪ್ಪನ ಮನೆಗೆ ಟಿ.ವಿ.ಗೆ ಸಿಕ್ಕಿಸುವ ಅಗ್ಗದ ಆಟದ ಪೆಟ್ಟಿಗೆಯೊಂದು ಬಂತು, ಜೊತೆಗೆ ನೂರಾರು ಆಟಗಳಿವೆಯೆಂದು ಸುಳ್ಳು ಚೀಟಿ ಅಂಟಿಸಿಕೊಂಡ ಹಳದಿ ಕ್ಯಾಸೆಟ್. ನಾವು ಹುಡುಗರು ‘ನಿಜವಾದ’ ಮಾರಿಯೊಗಾಗಿ ಸರದಿ ಕಾದು ಜಗಳವಾಡುತ್ತಿದ್ದೆವು. ಚಿಕ್ಕಮ್ಮ ಒಮ್ಮೆ ಕೈಗೆತ್ತಿಕೊಂಡು, ಮೊದಲ ಗುಂಡಿಗೇ ಮೂರು ಸಲ ಬಿದ್ದು, ‘ಇದು ನನ್ನಿಂದಾಗದು’ ಎಂದು ಎದ್ದುಹೋದರು. ಅದೇ ಕ್ಯಾಸೆಟ್ಟಿನಲ್ಲಿ ‘ಡಾ. ಮಾರಿಯೊ’ ಇತ್ತು, ಬಣ್ಣಬಣ್ಣದ ಗುಳಿಗೆಗಳನ್ನು ಜೋಡಿಸಿ ವೈರಾಣುಗಳನ್ನು ಅಳಿಸುವ 1990ರ ಆಟ. ನಾವು ಅದನ್ನು ತಿರಸ್ಕರಿಸಿದ್ದೆವು. ರಾತ್ರಿ ಅಡುಗೆಮನೆ ತೊಳೆದು ಬಂದ ಚಿಕ್ಕಮ್ಮ ಅದನ್ನು ಹಿಡಿದು ಕುಳಿತರೆ ಚಿಕ್ಕಪ್ಪ ದೀಪ ಆರಿಸಿ ಬೈಯುವವರೆಗೂ ಏಳುತ್ತಿರಲಿಲ್ಲ. ಹೆಬ್ಬಾಗಿಲಿನಿಂದ ಹಿಂದಿರುಗಿದವರಿಗೆ ಹಿತ್ತಿಲ ಬಾಗಿಲು ತೆರೆಯಿತು.

‘ಪೊಕೆಮಾನ್ ಗೋ’ ಕುರಿತ ತಮ್ಮ ಸಿಟ್ಟಿಗೂ ಇದೇ ಉತ್ತರ. 1996ರಲ್ಲಿ ಜಪಾನಿನ ಗೇಮ್ ಬಾಯ್‌ನಲ್ಲಿ ಹುಟ್ಟಿದ ಆ ಸರಣಿಯನ್ನು ನಮ್ಮ ಮಕ್ಕಳಲ್ಲಿ ಬಹುಪಾಲು ಜನ ಕಂಡದ್ದು ಕಾರ್ಟೂನ್ ನೆಟ್‌ವರ್ಕ್‌ನಲ್ಲಿ. ಗೇಮ್ ಬಾಯ್ ಮುಟ್ಟಿ ನೋಡಿದವರು ಎಷ್ಟು ಮಂದಿ? 2016ರ ಡಿಸೆಂಬರಿನಲ್ಲಿ ರಿಲಯನ್ಸ್ ಜಿಯೊ ಜೊತೆಗೂಡಿ ‘ಗೋ’ ಭಾರತಕ್ಕೆ ಅಧಿಕೃತವಾಗಿ ಬಂದಾಗ, ಪರದೆಯ ಮೇಲಷ್ಟೇ ಕಂಡ ಪಿಕಾಚು ಎಂಬ ಪೊಕೆಮಾನ್ ಕೈಯಲ್ಲಿದ್ದ ಫೋನಿಗೇ ಇಳಿದು ಬಂದಂತಾಯಿತು. ತಾವು ಕವಲೆಂದು ಹಳಿಯುವುದೇ ಅವರ ಪಾಲಿಗೆ ಕಾಂಡ.

ನನಗೆ ನಿಜಕ್ಕೂ ಕೋಪ ಬರುವುದು ಬೇರೆ ಕಾರಣಕ್ಕೆ. ಸಣ್ಣ ಆಟಗಳನ್ನು ಮಾಡಲು ಸಂಸ್ಥೆಗಳಿಗೆ ಈಗ ಮನಸ್ಸಿಲ್ಲ. ದೊಡ್ಡ ಆಟವೊಂದಕ್ಕೆ ನೂರಾರು ಜನರನ್ನು ಐದಾರು ವರ್ಷ ಕಟ್ಟಿಹಾಕುತ್ತಾರೆ. ಮಿಕ್ಕದ್ದನ್ನು ಫೋನಿಗೆ ದೂಡಿ, ಹಣ ಹುಟ್ಟದ ದಿನ ಸರ್ವರ್ ಆರಿಸುತ್ತಾರೆ. ‘ಫೈನಲ್ ಫ್ಯಾಂಟಸಿ 7’ರ ಪೂರ್ವಕಥೆಯನ್ನು ಹೇಳುವ ‘ಬಿಫೋರ್ ಕ್ರೈಸಿಸ್’ 2004ರಲ್ಲಿ ಜಪಾನಿನ ಫೋನುಗಳಿಗೆ ಬಂದು, ಗಡಿ ದಾಟದೆಯೇ ಮುಚ್ಚಿಹೋಯಿತು. ಅದಕ್ಕಾಗಿ ಒಬ್ಬ ಓದುಗರಾದರೂ ನನಗೆ ಪತ್ರ ಬರೆಯಲಿಲ್ಲ. ಪತ್ರಿಕೆಗಳಲ್ಲಿಯೂ ಇದೇ ಪಾಡು: ಮುಖಪುಟದ ಲೇಖನಕ್ಕೆ ಸನ್ಮಾನ, ಮೂಲೆಯ ಅಂಕಣಕ್ಕೆ ಕತ್ತರಿ. ‘ಮುಖ್ಯ’ ಎಂಬ ಮಾತಿನ ಮೇಲಿನ ಈ ವ್ಯಾಮೋಹ ನನಗೆ ಅರ್ಥವಾಗುವುದಿಲ್ಲ. ಕೆಂಗೇರಿಯ ಆಚೆಗಿನ ದೊಡ್ಡ ಆಲದ ಮರವನ್ನು ತಾವು ನೋಡಿರಬಹುದು. ಅದರ ಮೂಲ ಕಾಂಡ ರೋಗ ತಗುಲಿ ಎಂದೋ ಹೋಯಿತು. ಜನ ನೆರಳಿಗೆ ಕೂರುವುದು ಬಿಳಲುಗಳ ಕೆಳಗೆ.

ಇನ್ನು ತಮ್ಮ ಕೊನೆಯ ಸಾಲು. 1990ರ ‘ಎಫ್-ಜೀರೋ’ ಎಂಬ ರೇಸ್ ಆಟವನ್ನು ಒಬ್ಬರೇ ಆಡಬೇಕಿತ್ತು. ಇಬ್ಬರು ಕೂಡಿ ಆಡುವಂತಾಗಲೆಂದು ಮಾರಿಯೊನ ಒಡೆಯರಾದ ನಿಂಟೆಂಡೊ ಸಂಸ್ಥೆಯ ತಂಡವೊಂದು ಪರದೆಯನ್ನು ಎರಡಾಗಿ ಸೀಳಿ ಹೊಸ ಆಟ ಕಟ್ಟತೊಡಗಿತು. ಮೊದಲ ಕೆಲವು ತಿಂಗಳು ಅದರಲ್ಲಿ ಮಾರಿಯೊ ಇರಲೇ ಇಲ್ಲ, ಆಮೇಲೆ ಅವನನ್ನು ಕೂರಿಸಿ ನೋಡಿದರು. 1992ರಲ್ಲಿ ಅದು ‘ಸೂಪರ್ ಮಾರಿಯೊ ಕಾರ್ಟ್’ ಆಯಿತು. ಅದರ ಸಂತಾನವಾದ ‘ಮಾರಿಯೊ ಕಾರ್ಟ್ 8 ಡಿಲಕ್ಸ್’ ಸ್ವಿಚ್ ಯಂತ್ರದಲ್ಲಿ 6 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಅದೇ ಯಂತ್ರದ ಮುಖ್ಯ ಆಟ ‘ಸೂಪರ್ ಮಾರಿಯೊ ಒಡಿಸ್ಸಿ’ಯದು ಅದರ ಅರ್ಧದ ಆಸುಪಾಸು. ತಾವೂ ತಮ್ಮ ಮಗಳೂ ಒಂದೇ ಟಿ.ವಿ.ಯ ಮುಂದೆ ಕೂರುವುದು ಆ ಸೀಳಿದ ಪರದೆಯ ಕೃಪೆ.

ಪುಟ ಕಡಿತದ ಸಲಹೆಯನ್ನು ಒಪ್ಪಲಾರೆ, ಕ್ಷಮಿಸಿ. ಮುಂದಿನ ಸಂಚಿಕೆಯಲ್ಲಿ ಮಾರಿಯೊನ ತಮ್ಮನ ಕವಲು ಆಟ ‘ಲುಯಿಜಿಸ್ ಮ್ಯಾನ್ಶನ್’ ಕುರಿತು ನಾಲ್ಕು ಪುಟಗಳಿವೆ. ಓದಿ, ಬೇಕಾದರೆ ಮತ್ತೆ ಬೈದು ಬರೆಯಿರಿ. ಜೊತೆಗೆ ಭಾನುವಾರದ ರೇಸಿನಲ್ಲಿ ಗೆಲ್ಲುವವರು ಯಾರೆಂಬುದನ್ನೂ ತಿಳಿಸಿ.